ಬಲಕ್ಕೆ ಬಿದ್ದ ಹೂವು

ನನ್ನ ಕಾಯಿಲೆ ಪತ್ತೆಯಾದದ್ದು ಹೃದಯದ ಡಾಕ್ಟರ ಕೋಣೆಯಲ್ಲಿ. ಹೃದಯಕ್ಕೆ ಏನೂ ಆಗಿರಲಿಲ್ಲ. ಎದೆ ಹಿಂಡಿ, ಎಡಗೈ ಜೋಮು ಹಿಡಿದು, ಹಟ್ಟಿಕೇರಿಯ ಟೋಲ್ ಗೇಟಿನ ಗೂಡಿನಲ್ಲಿ ಬೆವರಿ ಕುಸಿದಿದ್ದ ನನ್ನನ್ನು ಜೊತೆಯವರು ಆಂಬುಲೆನ್ಸಿಗೆ ಹಾಕಿ ಕಾರವಾರಕ್ಕೆ ಕಳಿಸಿದ್ದರು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ರಕ್ತ ತೆಗೆದರು, ಮತ್ತೊಮ್ಮೆ ಇಸಿಜಿ ತೆಗೆದರು. ಎಲ್ಲ ಸರಿಯಿದೆ ಎಂದು ಡಾಕ್ಟರು ಹೇಳಿದಾಗ ನನಗೆ ಸಮಾಧಾನವಾಗಲಿಲ್ಲ, ನಿರಾಸೆಯಾಯಿತು. ಹೃದಯದ ಕಾಯಿಲೆಯಾಗಿದ್ದರೆ ನಾಲ್ಕು ಜನ ನೋಡಲು ಬರುತ್ತಿದ್ದರು, ಮೋಸಂಬಿ ತರುತ್ತಿದ್ದರು. ನನಗೆ ಆಗಿದ್ದದ್ದಕ್ಕೆ ಯಾರೂ ಮೋಸಂಬಿ ತರುವುದಿಲ್ಲ.

ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಳ ಮೇಲೆ ಬಾಜಿ ಕಟ್ಟುವುದು ನನ್ನ ಕಾಯಿಲೆ. ಇದನ್ನು ಹೀಗೆ ಒಂದೇ ವಾಕ್ಯದಲ್ಲಿ ಬರೆಯಲು ನನಗೆ ಬಹಳ ಕಾಲ ಹಿಡಿಯಿತು. ಓದಿದವರಿಗೆ ನಗು ಬಂದರೆ ನಗಬಹುದು, ನನಗೂ ಈಗ ಒಮ್ಮೊಮ್ಮೆ ಬರುತ್ತದೆ. ಆದರೆ ಎಲ್ಲೋ ಒಬ್ಬ ಬೆಳಗಿನ ಜಾವ ಕಂಬಳಿಯೊಳಗೆ ಫೋನು ಹಿಡಿದುಕೊಂಡು, ತನ್ನಂಥವನು ಈ ಭೂಮಿಯ ಮೇಲೆ ತಾನೊಬ್ಬನೇ ಎಂದುಕೊಂಡು ಕೂತಿರುತ್ತಾನಲ್ಲ, ಅವನಿಗಾಗಿ ಬರೆಯುತ್ತಿದ್ದೇನೆ. ನೀನೊಬ್ಬನೇ ಅಲ್ಲ ಮಾರಾಯ. ಹಾರವಾಡದಲ್ಲಿ ಇನ್ನೊಬ್ಬನಿದ್ದ.

ಹಾರವಾಡದಲ್ಲಿ ನಮ್ಮ ಮನೆಯಿರುವುದು ರೈಲು ಹಳಿಗೂ ಕಡಲಿಗೂ ನಡುವೆ. ಮನೆಯಲ್ಲಿ ನನ್ನ ಹೆತ್ತ ಆಯಿ ಮತ್ತು ನಾನು, ಇಬ್ಬರೇ. ಆಯಿ ಬೇರೆಯವರ ಗದ್ದೆಗೆ ಕೂಲಿಗೆ ಹೋಗುತ್ತಾಳೆ. ಮಳೆಗಾಲದಲ್ಲಿ ನೆಟ್ಟಿ, ಆಮೇಲೆ ಕೊಯ್ಲು, ಬೇಸಿಗೆ ಹೊತ್ತಿಗೆ ಶೇಂಗಾ ಕೀಳುವುದು. ಅಪ್ಪ ಕದ್ರಾದಲ್ಲಿ ಅಣೆಕಟ್ಟೆ ಕಟ್ಟುವಾಗ ಅಲ್ಲಿ ಕಲ್ಲು ಹೊರುತ್ತಿದ್ದ. ನಾನು ಶಾಲೆಗೆ ಹೋಗುತ್ತಿರುವಾಗಲೇ ತೀರಿಕೊಂಡ. ಆಯಿ ಒಮ್ಮೆ ಅವನ ಜೊತೆ ಕದ್ರಾಕ್ಕೆ ಹೋಗಿ ಅಲ್ಲಿಯ ನೌಕರರ ಕ್ವಾರ್ಟರ್ಸು ನೋಡಿಬಂದಿದ್ದಳಂತೆ. ಪ್ರತಿ ಮನೆಯ ಹಿಂದೆ ಒಂದೊಂದು ಪೇರಲ ಮರವಿತ್ತೆಂದೂ ಹೆಂಗಸರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರೆಂದೂ ಇವತ್ತಿಗೂ ಹೇಳುತ್ತಾಳೆ. ಗಂಡ ಕಲ್ಲು ಹೊತ್ತ ಕಡೆ, ಅಲ್ಲಿಯ ಕರೆಂಟು ಮಾಡುವ ಕೇಂದ್ರದಲ್ಲಿ, ಮಗ ಕುರ್ಚಿಯಲ್ಲಿ ಕೂರಬೇಕು ಎನ್ನುವುದು ಅವಳ ಒಂದೇ ಆಸೆ. ಅದಕ್ಕೇ ನನ್ನನ್ನು ಐಟಿಐಗೆ ಕಳಿಸಿ ಎಲೆಕ್ಟ್ರಿಷಿಯನ್ ಓದಿಸಿದಳು. ಓದು ಮುಗಿಸಿದ ನಾನು ಟೋಲ್ ಗೇಟಿನಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದೆ.

ಮೊದಮೊದಲು ಆ ಕೆಲಸ ನನಗೆ ಇಷ್ಟವಾಗಿತ್ತು. ಲಾರಿಯವರು ಕಿಟಕಿಯಿಂದ ಕೈ ಚಾಚಿ ಚಿಲ್ಲರೆಗೆ ಜಗಳ ಮಾಡುತ್ತಿದ್ದರು, ಗೋಕರ್ಣಕ್ಕೆ ಹೋಗುವವರು ದಾರಿ ಕೇಳುತ್ತಿದ್ದರು, ಗೋವಾ ಕಡೆಯವರು ಕೊಂಕಣಿಯಲ್ಲಿ ಬೈಯುತ್ತಿದ್ದರು. ಆಮೇಲೆ ಗಾಜಿಗೆ ಅಂಟಿಸುವ ಟ್ಯಾಗು ಬಂತು. ಗಾಡಿ ಬರುತ್ತದೆ, ಕೋಲು ಏಳುತ್ತದೆ, ಗಾಡಿ ಹೋಗುತ್ತದೆ. ಯಾರೂ ಕಿಟಕಿ ಇಳಿಸುವುದಿಲ್ಲ. ಟ್ಯಾಗು ಓದದಿದ್ದಾಗ ಮಾತ್ರ ನಾನೊಬ್ಬ ಅಲ್ಲಿದ್ದೇನೆ ಎಂದು ಅವರಿಗೆ ನೆನಪಾಗುತ್ತಿತ್ತು, ಆಗ ಬೈಗುಳವೂ ಬರುತ್ತಿತ್ತು. ನಿಜ ಹೇಳಬೇಕೆಂದರೆ ಆ ಬೈಗುಳಕ್ಕೂ ಕಾಯುವಷ್ಟು ಬೇಸರ ನನಗೆ ಬಂದಿತ್ತು.

ಬಾಸ್ಕೆಟ್‌ಬಾಲ್ ನನಗೆ ಆಗ ಹೊಸದೇನೂ ಅಲ್ಲ. ಅಂಕೋಲಾದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರೊಬ್ಬರು ಮೈದಾನದ ಮೂಲೆಯಲ್ಲಿ ಕಂಬ ನೆಟ್ಟು ಒಂದು ಕಬ್ಬಿಣದ ಬಳೆ ಕಟ್ಟಿಸಿದ್ದರು. ಅದಕ್ಕೆ ಬಲೆಯಿರಲಿಲ್ಲ. ಎತ್ತರವಾಗಿದ್ದ ನನಗೆ ಹುಡುಗರೆಲ್ಲ ಗಾಳಿಮರ ಎಂದು ಹೆಸರಿಟ್ಟಿದ್ದರು, ಮಾಸ್ತರರು ಆ ಗಾಳಿಮರದ ಕೈಗೆ ಚೆಂಡು ಕೊಟ್ಟರು. ಕೈಯಿಂದ ಬಿಟ್ಟ ಚೆಂಡು ಬಳೆಗೆ ತಾಗದೆ ಒಳಗಿಳಿಯುವಾಗ ಆಗುತ್ತಿದ್ದ ಸಂತೋಷಕ್ಕೆ ಸಮನಾದದ್ದು ನನಗೆ ಬೇರೆ ಸಿಕ್ಕಿಲ್ಲ. ಟೋಲ್ ಗೇಟಿನ ಬೇಸರದಲ್ಲಿ ಫೋನಿನೊಳಗೆ ಅಮೆರಿಕದ ಆಟಗಳು ಕಣ್ಣಿಗೆ ಬಿದ್ದಾಗ ಕಳೆದುಹೋದ ಗೆಳೆಯ ಸಿಕ್ಕಷ್ಟು ಖುಷಿಯಾಯಿತು. ಅದರ ಬೆನ್ನಿಗೇ ಬಾಜಿಯ ಲಿಂಕು ಬಂತು. ಆಟ ನೋಡುತ್ತಿದ್ದ ನಾನು ಆಟದ ಮೇಲೆ ಕಟ್ಟತೊಡಗಿದೆ.

ಎಷ್ಟು ಕಟ್ಟಿದೆ, ಎಷ್ಟು ಹೋಯಿತು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಈ ಕಾಯಿಲೆಯಿದ್ದವನು ಅದನ್ನು ಓದಿದರೆ ತನ್ನದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಹೋಲಿಸಿ ನೋಡುತ್ತಾನೆ, ಕಡಿಮೆಯಿದ್ದರೆ ಇನ್ನೂ ಸ್ವಲ್ಪ ದಿನ ಆಡಬಹುದು ಎಂದು ಧೈರ್ಯ ತಂದುಕೊಳ್ಳುತ್ತಾನೆ. ನಾನೂ ಹಾಗೆಯೇ ಮಾಡಿದ್ದೆ.

ಮೊದಲ ಸಲ ಗೆದ್ದ ಬೆಳಗು ಚೆನ್ನಾಗಿ ನೆನಪಿದೆ. ಅಲ್ಲಿಯ ರಾತ್ರಿಯಾಟ ನಮಗೆ ಬೆಳಗಿನ ಜಾವ. ಆಟ ಮುಗಿಯುವ ಹೊತ್ತಿಗೆ ಬೆಳಕು ಹರಿದಿತ್ತು. ಮೈಯೆಲ್ಲ ಬೆಚ್ಚಗಾಗಿ, ಯಾರಿಗಾದರೂ ಹೇಳಬೇಕು ಎಂದು ಅಂಗಳಕ್ಕೆ ಬಂದೆ. ಪಕ್ಕದ ಮನೆಯವನು ಬಲೆ ಬಿಡಿಸುತ್ತಾ ಕೂತಿದ್ದ. ಅವನಿಗೆ ಏನೆಂದು ಹೇಳಲಿ? ದೊಡ್ಡ ಕೆರೆಯ ದಂಡೆಯ ಯಾವುದೋ ಹಿಮದೂರಿನ ತಂಡ ಆರು ಅಂಕದಿಂದ ಗೆದ್ದಿತು, ಅದಕ್ಕೆ ನನಗೆ ಕುಣಿಯಬೇಕೆನಿಸುತ್ತಿದೆ ಎಂದು ಹೇಳಲೇ? ಕಡಲು ಹೇಗಿದೆ ಎಂದು ಕೇಳಿ ಒಳಗೆ ಬಂದೆ.

ನಮ್ಮ ಕಡೆ ಜೂಜು ಹೊಸದಲ್ಲ. ಅಪ್ಪನೂ ಓಸಿ ನಂಬರು ಕಟ್ಟುತ್ತಿದ್ದ. ಆದರೆ ಅವನ ಜೂಜಿಗೆ ಊರೇ ಜೊತೆಗಿತ್ತು. ಬೆಳಿಗ್ಗೆ ಚಾದಂಗಡಿಯಲ್ಲಿ ಹತ್ತು ಜನ ಕೂತು ತಮಗೆ ಬಿದ್ದ ಕನಸು ಹೇಳುತ್ತಿದ್ದರು. ಹಾವು ಕಂಡರೆ ಯಾವ ನಂಬರು, ಸತ್ತ ಅತ್ತೆ ಕಂಡರೆ ಯಾವ ನಂಬರು ಎಂದು ವಾದ ಮಾಡುತ್ತಿದ್ದರು. ಸೋತರೆ ಎಲ್ಲ ಸೇರಿ ಓಸಿ ಬರೆಯುವವನನ್ನು ಬೈಯುತ್ತಿದ್ದರು, ಗೆದ್ದವನು ಎಲ್ಲರಿಗೂ ಬನ್ಸು ಕೊಡಿಸುತ್ತಿದ್ದ. ಅದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಆದರೆ ಅಪ್ಪ ಸೋತ ದಿನ ಅಪ್ಪನ ಮುಖ ನೋಡಿದರೆ ಊರಿಗೇ ಗೊತ್ತಾಗುತ್ತಿತ್ತು. ನಾನು ಸೋತದ್ದು ನನ್ನ ಮನೆಯ ಬೆಕ್ಕಿಗೂ ಗೊತ್ತಾಗುತ್ತಿರಲಿಲ್ಲ. ಕ್ರಿಕೆಟ್ಟಾಗಿದ್ದರೆ ಗೇಟಿನ ಹುಡುಗರ ಜೊತೆ ಕೂಗಬಹುದಿತ್ತು. ಯಾರಿಗೂ ತಿಳಿಯಬಾರದು ಎಂದೇ ನಾನು ಈ ಆಟದ ಬಾಜಿಗೆ ಅಂಟಿಕೊಂಡಿದ್ದೆ. ಯಾರಿಗೂ ತಿಳಿಯಲಿಲ್ಲ. ಅದೇ ದೊಡ್ಡ ಕಷ್ಟವಾಯಿತು.

ಇದರಲ್ಲಿ ಯಾರು ಗೆಲ್ಲುತ್ತಾರೆ ಎನ್ನುವುದಕ್ಕಷ್ಟೇ ಕಟ್ಟುವುದಿಲ್ಲ. ಎಷ್ಟು ಅಂಕದ ಅಂತರದಲ್ಲಿ ಗೆಲ್ಲುತ್ತಾರೆ, ಇಬ್ಬರದೂ ಸೇರಿ ಎಷ್ಟಾಗುತ್ತದೆ, ಒಬ್ಬ ಆಟಗಾರ ಎಷ್ಟು ಸಲ ಚೆಂಡು ಹಿಡಿಯುತ್ತಾನೆ, ಎಲ್ಲದಕ್ಕೂ ಬಾಜಿ. ನಾನು ಕಟ್ಟುತ್ತಿದ್ದದ್ದು ಅಂತರದ ಮೇಲೆ. ನನ್ನ ತಂಡ ಗೆದ್ದರೂ ಹೇಳಿದಷ್ಟು ಅಂಕದಿಂದ ಗೆಲ್ಲದಿದ್ದರೆ ನನ್ನ ಹಣ ಹೋಯಿತು. ಆಟವೆಲ್ಲ ಮುಗಿದು, ಗೆದ್ದವರು ಸೋತವರನ್ನು ಅಪ್ಪಿಕೊಳ್ಳಲು ಹೊರಟಿರುತ್ತಾರೆ. ಆಗ ಬೆಂಚಿನಿಂದ ಬಂದ ಯಾವನೋ ಒಬ್ಬ ಸುಮ್ಮನೆ ದೂರದಿಂದ ಒಂದು ಚೆಂಡು ಎಸೆಯುತ್ತಾನೆ, ಅದು ಒಳಗೆ ಬೀಳುತ್ತದೆ. ಅಲ್ಲಿ ಯಾರಿಗೂ ಅದು ಲೆಕ್ಕಕ್ಕಿಲ್ಲ. ಎಸೆದವನೂ ನಗುತ್ತಿರುತ್ತಾನೆ. ಇಲ್ಲಿ ಹಾರವಾಡದಲ್ಲಿ ಒಬ್ಬ ಬಾಯಿಗೆ ಹೊದಿಕೆ ತುರುಕಿಕೊಂಡು ಅಳುತ್ತಿರುತ್ತಾನೆ. ಹಾಗೆ ಅತ್ತ ಬೆಳಗುಗಳು ಒಂದೆರಡಲ್ಲ.

ಮಳೆಗಾಲದಲ್ಲಿ ಅವರ ಲೀಗಿಗೆ ರಜೆ. ಇಲ್ಲಿ ದೋಣಿಗಳನ್ನು ದಡಕ್ಕೆ ಎಳೆದು ಕಟ್ಟುವ ಹೊತ್ತಿಗೇ ಅಲ್ಲಿಯೂ ಆಟ ನಿಲ್ಲುತ್ತದೆ. ಒಂದು ಮಳೆಗಾಲ ಪೂರ್ತಿ ನಾನು ಸುಖವಾಗಿ ನಿದ್ದೆ ಮಾಡಿದೆ. ಚಟ ಬಿಟ್ಟುಹೋಯಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ದೀಪಾವಳಿಯ ಹೊತ್ತಿಗೆ ಮತ್ತೆ ಶುರು.

ಆಯಿಗೆ ಸುಳ್ಳು ಹೇಳಬೇಕೆಂದು ನಾನು ಹೇಳಿದ್ದಲ್ಲ. ಐದು ಗಂಟೆಗೆ ದೀಪ ಹಚ್ಚಿಕೊಂಡು, ಎದುರಿಗೆ ಹಳೆಯ ಐಟಿಐ ಪುಸ್ತಕ ತೆರೆದಿಟ್ಟು, ಅದರ ಮಡಿಲಲ್ಲಿ ಫೋನಿಟ್ಟುಕೊಂಡು ಕೂತಿದ್ದೆ. ಆಯಿ ಎದ್ದುಬಂದು ಬಾಗಿಲಲ್ಲಿ ನಿಂತಳು. ಕದ್ರಾದ ಕೆಲಸದ ಪರೀಕ್ಷೆಗೆ ಓದುತ್ತಿದ್ದೀಯೇನೋ ಎಂದು ಕೇಳಿದಳು. ಹೂಂ ಅಂದೆ. ಒಂದು ಹೂಂ, ಅಷ್ಟೇ. ಮರುದಿನದಿಂದ ಅವಳು ನನಗಿಂತ ಮೊದಲು ಎದ್ದು ಚಾ ಮಾಡಿ ತರತೊಡಗಿದಳು. ಲೋಟವನ್ನು ಸದ್ದಾಗದಂತೆ ಇಟ್ಟು, ತುದಿಗಾಲಲ್ಲಿ ಹೋಗುತ್ತಿದ್ದಳು. ಓದುವವನಿಗೆ ತೊಂದರೆಯಾಗಬಾರದಲ್ಲ! ಗದ್ದೆಯಲ್ಲಿ ಎಲ್ಲ ಹೆಂಗಸರಿಗೂ ಹೇಳಿದಳು. ದಾರಿಯಲ್ಲಿ ಸಿಕ್ಕವರು ಪರೀಕ್ಷೆ ಯಾವಾಗ ಎಂದು ಕೇಳಿದರೆ ನನಗೆ ಭೂಮಿ ಬಾಯಿಬಿಡಬಾರದೇ ಅನಿಸುತ್ತಿತ್ತು. ದಿನಕ್ಕೆ ಒಂದು ಮಾತನ್ನಾದರೂ ನನ್ನ ಹತ್ತಿರ ಪ್ರೀತಿಯಿಂದ ಆಡುತ್ತಿದ್ದವಳು ಅವಳೊಬ್ಬಳೇ. ನಿಜ ಹೇಳಿದರೆ ಆ ಒಬ್ಬಳೂ ಹೋಗುತ್ತಾಳೆ ಎಂದು ಹೆದರಿ, ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ ದಿನವೂ ಅವಳ ಚಾ ಕುಡಿದೆ.

ದೇಹ ಮಾತ್ರ ಸುಳ್ಳು ಹೇಳಲಿಲ್ಲ. ಅಂಗಿ ಸಡಿಲವಾಯಿತು, ಕೈಬೆರಳು ತಾವಾಗಿ ಕುಣಿಯತೊಡಗಿದವು. ಒಂದು ಮಧ್ಯಾಹ್ನ ತಟ್ಟೆಯಲ್ಲಿ ಬಂಗಡೆ ಮೀನಿನ ಸಾರು ಬಿಟ್ಟು ಎದ್ದೆ. ಆಯಿಗೆ ಭಯವಾದದ್ದು ಆಗ. ನಮ್ಮ ಕಡೆ ಗಂಡಸು ಬಂಗಡೆ ಬಿಟ್ಟು ಎದ್ದನೆಂದರೆ ಏನೋ ಆಗಿದೆ ಎಂದೇ ಅರ್ಥ. ಅತಿಯಾಗಿ ಓದಿ ತಲೆಗೆ ಉಷ್ಣ ಏರಿದೆ ಎಂದು ಅವಳು ತೀರ್ಮಾನಿಸಿದಳು. ಪರೀಕ್ಷೆಯ ಚಿಂತೆಯಲ್ಲಿ ಮಗ ಸೊರಗುತ್ತಿದ್ದಾನೆ, ಕೆಲಸ ಸಿಗುತ್ತದೋ ಇಲ್ಲವೋ ಎಂದು ದೇವರಲ್ಲೇ ಕೇಳಿಬಿಟ್ಟರೆ ನೆಮ್ಮದಿ ಎಂದು ನನ್ನನ್ನು ಊರ ಅಮ್ಮನವರ ಗುಡಿಗೆ ಕರೆದುಕೊಂಡು ಹೋದಳು.

ನಮ್ಮಲ್ಲಿ ಪ್ರಸಾದ ಕೇಳುವ ಪದ್ಧತಿಯಿದೆ. ಗುಡಿಯ ಪೂಜೆ ಮಾಡುವ ಗುನಗರು ದೇವರ ಮೈಗೆ ನೀರು ಹಚ್ಚಿ ಎಡಬಲಕ್ಕೆ ಹೂವಿನ ಎಸಳು ಅಂಟಿಸುತ್ತಾರೆ. ಕೇಳಬೇಕಾದ್ದನ್ನು ಕೇಳಿ ಕಾಯಬೇಕು. ಬಲದ ಎಸಳು ಮೊದಲು ಬಿದ್ದರೆ ದೇವರ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ಆಯಿ ತನ್ನ ಜೀವನದಲ್ಲಿ ಇದನ್ನು ಕೇಳದೆ ಏನನ್ನೂ ಮಾಡಿದವಳಲ್ಲ. ಅವಳ ಮದುವೆ, ಬಾವಿಯ ಜಾಗ, ಅಪ್ಪನ ಆಪರೇಷನ್ನು, ಎಲ್ಲಕ್ಕೂ ಹೂವು ಬಿದ್ದ ಮೇಲೆಯೇ ಹೆಜ್ಜೆ.

ಗುನಗರು ಆಯಿಯ ಪರವಾಗಿ ಕೇಳಿದರು. ನಾನು ಅರ್ಜಿಯನ್ನೇ ಹಾಕದ ಕೆಲಸಕ್ಕಾಗಿ ಆಯಿ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದಳು. ನಾನು ಎಸಳುಗಳನ್ನೇ ನೋಡುತ್ತಿದ್ದೆ. ನೋಡನೋಡುತ್ತ ಎದೆ ಹೊಡೆದುಕೊಳ್ಳತೊಡಗಿತು. ಬಲದ ಎಸಳು ಒಂದಿಷ್ಟು ಜಾರಿತು, ನಿಂತಿತು. ಎಡದ್ದು ಅಲ್ಲಾಡಿತು. ಇದು ನನಗೆ ಚೆನ್ನಾಗಿ ಗೊತ್ತಿರುವ ಹೊಡೆತ. ಆಟದ ಕೊನೆಯ ನಿಮಿಷದಲ್ಲಿ ಆಗುವುದೂ ಇದೇ. ಬಲದ ಎಸಳು ಬಿತ್ತು. ಆಯಿಯ ಕಣ್ಣಲ್ಲಿ ನೀರು ಬಂತು. ನನಗೆ ಮೈ ಬೆಚ್ಚಗಾಯಿತು, ಗೆದ್ದ ಬೆಳಗಿನ ಹಾಗೆಯೇ.

ಆಮೇಲೆ ನಾನು ಮಾಡಿದ್ದನ್ನು ಈ ಸೀಮೆಯಲ್ಲಿ ಹುಟ್ಟಿ ಬೆಳೆದವನು ಮಾತ್ರ ಮಾಡಲು ಸಾಧ್ಯ. ಅಮ್ಮನವರು ಬಲ ಕೊಟ್ಟಿದ್ದಾರೆ, ಇನ್ನು ಸೋಲುವ ಮಾತೇ ಇಲ್ಲ ಎಂದುಕೊಂಡೆ. ಗುನಗರು ಕೊಟ್ಟ ಹೂವನ್ನು ಫೋನಿನ ಕವರಿನೊಳಗೆ ಇಟ್ಟೆ. ಆಯಿ ಕೇಳಿದ ಪ್ರಶ್ನೆ ಯಾವುದು, ನಾನು ಅದಕ್ಕೆ ಹೊಂದಿಸಿಕೊಂಡ ಪ್ರಶ್ನೆ ಯಾವುದು! ಮರುದಿನ ಬೆಳಗಿನ ಆಟಕ್ಕೆ ನನ್ನ ಕೈಗೆ ಎಟುಕಿದ್ದನ್ನೆಲ್ಲ ಕಟ್ಟಿದೆ. ಎಟುಕದ್ದನ್ನೂ ಸಾಲ ತಂದು ಕಟ್ಟಿದೆ.

ಆ ದಿನ ನನ್ನದು ಬೆಳಗಿನ ಪಾಳಿ. ಗೂಡಿನಲ್ಲಿ ಕೂತು, ಗಾಡಿಗಳ ನಡುವೆ ಮೊಣಕಾಲ ಮೇಲಿನ ಫೋನು ನೋಡುತ್ತಿದ್ದೆ. ನನ್ನ ತಂಡ ಬೇಕಾದಷ್ಟು ಮುಂದಿತ್ತು. ಕೊನೆಯ ಗಳಿಗೆಯಲ್ಲಿ ಸೋಲುತ್ತಿದ್ದ ತಂಡದ ಒಬ್ಬ, ಆಟವಿಡೀ ಬೆಂಚಿನ ಮೇಲೆ ಕೂತಿದ್ದವನು, ಅರ್ಧ ಅಂಗಳದಾಚೆಯಿಂದ ಚೆಂಡು ಎಸೆದ. ಅದು ಬಳೆಗೆ ತಾಗದೆ ಒಳಗಿಳಿಯಿತು. ಹೈಸ್ಕೂಲಿನಲ್ಲಿ ನಾನು ಹಗಲಿಡೀ ಆಸೆಪಟ್ಟು ಎಸೆಯುತ್ತಿದ್ದ ಹಾಗೆಯೇ ಇತ್ತು ಆ ಎಸೆತ. ನಾನು ಕಟ್ಟಿದ್ದ ಅಂತರ ಮುರಿಯಿತು. ನನ್ನ ತಂಡ ಗೆದ್ದಿತು, ನಾನು ಸೋತೆ. ಎದುರಿಗೊಂದು ಮದುವೆಯ ಬಸ್ಸು ನಿಂತು ಹಾರ್ನ್ ಹೊಡೆಯುತ್ತಿದ್ದದ್ದು ಮಾತ್ರ ನೆನಪು.

ಆಸ್ಪತ್ರೆಯ ಡಾಕ್ಟರು ನನ್ನದೇ ವಯಸ್ಸಿನ ಹೆಣ್ಣುಮಗಳು, ಘಟ್ಟದ ಮೇಲಿನವರು. ಹೃದಯ ಚೆನ್ನಾಗಿದೆ ಎಂದ ಮೇಲೆಯೂ ಅವರು ಎದ್ದು ಹೋಗಲಿಲ್ಲ. ನಿದ್ದೆ ಹೇಗೆ ಎಂದು ಕೇಳಿದರು. ಬೆಳಗಿನ ಜಾವ ಎಚ್ಚರವಾಗುತ್ತದೆ ಅಂದೆ. ಎಚ್ಚರವಾಗುತ್ತದೋ, ನೀವೇ ಏಳುತ್ತೀರೋ ಎಂದರು. ಆ ಪ್ರಶ್ನೆಯನ್ನು ಅಷ್ಟು ಮೆಲ್ಲಗೆ ಕೇಳಿರದಿದ್ದರೆ ನಾನು ಇನ್ನೊಂದು ಹೂಂ ಹೇಳಿ ಪಾರಾಗುತ್ತಿದ್ದೆನೇನೋ. ಎಲ್ಲ ಹೇಳಿದೆ. ಬಾಸ್ಕೆಟ್‌ಬಾಲ್ ಎಂದಾಗ ಅವರು ನಗಲಿಲ್ಲ.

“ಇದು ನಿಮ್ಮ ಕೆಟ್ಟತನ ಅಲ್ಲ, ಕಾಯಿಲೆ. ಇದಕ್ಕೆ ಬೇರೆ ಡಾಕ್ಟರಿದ್ದಾರೆ, ಇದೇ ಆಸ್ಪತ್ರೆಯಲ್ಲಿ,” ಎಂದು ಚೀಟಿ ಬರೆದುಕೊಟ್ಟರು.

ಬೇರೆ ಡಾಕ್ಟರೆಂದರೆ ಮನಸ್ಸಿನ ಡಾಕ್ಟರು. ಅವರ ಕೋಣೆ ಓಣಿಯ ಕೊನೆಯಲ್ಲಿದೆ, ಹೊರಗೊಂದು ಬೆಂಚು. ಆ ಬೆಂಚಿನ ಮೇಲೆ ಕೂರುವುದೆಂದರೆ ಅಂಕೋಲಾ ಬಸ್ ಸ್ಟ್ಯಾಂಡಿನಲ್ಲಿ ಬರಿಮೈಯಲ್ಲಿ ನಿಂತ ಹಾಗೆ ನನಗೆ. ಗುರುತಿನವರು ಹಾದುಹೋದರೆ ಮಾತಾಡಲು ಬೇಕೆಂದು ಹಲ್ಲುನೋವಿನ ಕತೆಯೊಂದನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಹಲ್ಲಿನ ಕೋಣೆ ಅಲ್ಲೇ ಪಕ್ಕದಲ್ಲಿತ್ತು. ಪಕ್ಕದಲ್ಲಿ ಕೂತಿದ್ದ ವೆಂಕಟಣ್ಣ ಎನ್ನುವ ಮೀನುಗಾರ ನನ್ನ ಮುಖ ನೋಡಿಯೇ ಹಲ್ಲು ಚೆನ್ನಾಗಿದೆ ಎಂದು ತಿಳಿದುಕೊಂಡ. ಅವನು ಕುಡಿತ ಬಿಡಿಸಿಕೊಳ್ಳಲು ಬರುತ್ತಿದ್ದವನು. ನಿನ್ನದೆಂತ ಎಂದು ಕೇಳಿದ, ಮೆಲ್ಲಗೆ ಹೇಳಿದೆ.

“ನಂದು ವಾಸ್ನೆ ಬತ್ತಿತ್ತು ಮಾರಾಯ, ಹೆಂಡ್ತಿ ಬಾಗ್ಲಲ್ಲೇ ಹಿಡೀತಿತ್ತು,” ಎಂದ ವೆಂಕಟಣ್ಣ. “ನಿಂದು ವಾಸ್ನೆನೇ ಇಲ್ಲ. ನಿನ್ನ ಹಿಡಿಯೂರು ಯಾರು?”

ಅವನು ಚೀಲದಿಂದ ಒಂದು ಬನ್ಸು ತೆಗೆದು ಅರ್ಧ ಮುರಿದು ಕೊಟ್ಟ. ಎಷ್ಟೋ ದಿನದ ಮೇಲೆ ತಿಂದದ್ದರ ರುಚಿ ನಾಲಗೆಗೆ ಹತ್ತಿತು.

ಆಯಿ ಅಷ್ಟು ಹೊತ್ತಿಗೆ ಬಸ್ಸು ಹತ್ತಿ ಬಂದಿದ್ದಳು, ಕೈಯಲ್ಲಿ ಗಂಜಿಯ ಡಬ್ಬಿ. ನಾನೇ ಹೇಳುತ್ತೇನೆ ಎಂದು ಡಾಕ್ಟರಿಗೆ ಹೇಳಿ ಅವಳನ್ನು ಕಡಲ ದಂಡೆಗೆ ಕರೆದುಕೊಂಡು ಹೋದೆ. ಕಲ್ಲಿನ ಕಟ್ಟೆಯ ಮೇಲೆ ಕೂತೆವು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಆಟದಿಂದಲೇ ಶುರು ಮಾಡಿದೆ. ಎತ್ತರದಲ್ಲಿ ಬುಟ್ಟಿಯಿರುತ್ತದೆ, ಚೆಂಡು ಅದಕ್ಕೆ ಹಾಕುತ್ತಾರೆ ಅಂದೆ. ಅವಳು ತಲೆಯಾಡಿಸಿದಳು, ಶಾಲೆಯಲ್ಲಿ ನಾನು ಆಡುವುದನ್ನು ನೋಡಿದ್ದಳಲ್ಲ. ಬಾಜಿ ಕಟ್ಟಿದ್ದು, ಸೋತದ್ದು, ಸಾಲದವರ ಫೋನು, ಎಲ್ಲ ಹೇಳಿದೆ. ಅವಳು ಗಂಜಿಯ ಡಬ್ಬಿಯನ್ನು ಪಕ್ಕಕ್ಕಿಟ್ಟು ಕೇಳಿದಳು.

“ಅವ್ರಿಗೆ ನಿನ್ನ ಗುರ್ತ ಅದೆಯೇನೋ ತಮಾ? ಆ ಆಡೂ ಪೋರಗೋಳಿಗೆ?”

“ಇಲ್ಲ ಆಯಿ.”

“ನಿನ್ನ ಗುರ್ತನೇ ಇಲ್ದವ್ರ ಸಂಗ್ತಿಗೆ ಇಷ್ಟ್ ದಿನ ಕೂತಿದ್ಯಾ?”

ಡಾಕ್ಟರಾಗಲಿ, ವೆಂಕಟಣ್ಣನಾಗಲಿ, ಆಮೇಲೆ ನಾನು ಓದಿದ್ದಾಗಲಿ ನನ್ನ ಕಾಯಿಲೆಯನ್ನು ಇಷ್ಟು ಸರಿಯಾಗಿ ಹೇಳಿಲ್ಲ. ಆಮೇಲೆ ಅವಳು ಪರೀಕ್ಷೆಯ ಬಗ್ಗೆ ಕೇಳಿದಳು. ಪರೀಕ್ಷೆ ಇರಲೇ ಇಲ್ಲ ಅಂದೆ.

“ಚಾ ಕುಡೀತಿದ್ಯಲ್ಲೋ,” ಅಂದಳು ಆಯಿ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಹೊಡೆದಿದ್ದರೂ ಆಗುತ್ತಿತ್ತು. ಅವಳು ಎದ್ದು ಸೀರೆಯ ಮರಳು ಕೊಡವಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಹೆಂಗಸರ ಸೀಟಿನಲ್ಲಿ ಹೋಗಿ ಕೂತಳು.

ಅಲ್ಲಿಂದ ಮುಂದಿನ ದಿನಗಳೇ ನಿಜವಾದ ಕಾಯಿಲೆಯ ದಿನಗಳು. ಆಯಿ ಅಡುಗೆ ಮಾಡಿ ಬಡಿಸುತ್ತಿದ್ದಳು, ಮಾತಿಲ್ಲ. ಬೆಳಗಿನ ಚಾ ನಿಂತುಹೋಯಿತು. ಐದು ಗಂಟೆಗೆ ಎಚ್ಚರವಾಗಿ ಮಲಗಿದ್ದರೆ ಅವಳೂ ಎಚ್ಚರವಾಗಿದ್ದಾಳೆ ಎಂದು ಉಸಿರಿನ ಸದ್ದಿನಿಂದಲೇ ತಿಳಿಯುತ್ತಿತ್ತು. ನಡುವೆ ಒಂದು ತೆಳ್ಳನೆಯ ಗೋಡೆ. ಗೂಡಂಗಡಿಗೆ ಹೋಗಿ ಚಾ ಕುಡಿಯಬಹುದಿತ್ತು, ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ನನಗೆ ಬೇಕಾದದ್ದು ಚಾ ಅಲ್ಲ ಎಂದು ನನಗೂ ಗೊತ್ತಿತ್ತು. ಅವಳು ಮತ್ತೆ ಆ ಬಾಗಿಲಲ್ಲಿ ಬಂದು ನಿಲ್ಲುತ್ತಾಳೋ ಇಲ್ಲವೋ, ಅದೊಂದೇ ನನ್ನ ಚಿಂತೆಯಾಗಿತ್ತು.

ವಾರಕ್ಕೊಮ್ಮೆ ಕಾರವಾರಕ್ಕೆ ಹೋಗುತ್ತಿದ್ದೆ. ಗುಳಿಗೆ ಕೊಟ್ಟರು, ಅದರಿಂದ ಬಾಯಿ ಒಣಗುತ್ತಿತ್ತು, ಕೈಬೆರಳು ಮಾತ್ರ ಸುಮ್ಮನಾದವು. ದೊಡ್ಡ ಫೋನು ಬಿಟ್ಟು ಗುಂಡಿಯ ಫೋನು ಇಟ್ಟುಕೊಳ್ಳಲು ಹೇಳಿದರು. ಹಳೆಯ ಫೋನಿನ ಕವರು ಬಿಚ್ಚಿದಾಗ ಆ ಹೂವು ಒಣಗಿ ಪುಡಿಯಾಗಿತ್ತು. ಅದನ್ನು ಎಸೆಯಲು ಧೈರ್ಯ ಬರದೆ ಹೊಳೆಗೆ ಬಿಟ್ಟುಬಂದೆ. ಬೆಳಗಿನ ಜಾವ ಒಬ್ಬರೇ ಇರಬೇಡಿ ಎಂದರು ಡಾಕ್ಟರು. ಒಬ್ಬನೇ ಇರಬಾರದು ಎಂದು ಹೇಳುವುದು ಸುಲಭ. ನಾನು ಎದ್ದು ಕಡಲ ದಂಡೆಗೆ ಹೋಗಿ ದೋಣಿ ಬರುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಅಲ್ಲಿಯೂ ಬಿಡುಗಡೆಯಿಲ್ಲ. ಮೊದಲು ಬರುವ ದೋಣಿ ಕೆಂಪೋ ನೀಲಿಯೋ, ಆ ಕಾಗೆ ಎಡಕ್ಕೆ ಹಾರುತ್ತದೋ ಬಲಕ್ಕೋ ಎಂದು ಮನಸ್ಸು ತನ್ನಷ್ಟಕ್ಕೆ ತಾನೇ ಕಟ್ಟುತ್ತಿತ್ತು. ಟೋಲ್ ಗೇಟಿನಲ್ಲಿ ಗಾಡಿಯ ನಂಬರು ಸಮವೋ ಬೆಸವೋ ಎಂದು ಕಟ್ಟುತ್ತಿತ್ತು. ಹಣವಿಲ್ಲದೆಯೂ ಜೂಜು ನಡೆಯುತ್ತದೆ ಎಂದು ಆಗ ನನಗೆ ಅರ್ಥವಾಯಿತು.

ಒಮ್ಮೆ ಜಾರಿದೆ ಕೂಡ. ಗೇಟಿನ ಗೆಳೆಯನ ಫೋನು ಮಾತಾಡಲು ಬೇಕೆಂದು ಇಸಿದುಕೊಂಡು ಕಟ್ಟಿದೆ, ಗೆದ್ದೆ. ಗೆದ್ದದ್ದಕ್ಕೇ ಹೆಚ್ಚು ಹೆದರಿಕೆಯಾಯಿತು. ಆ ವಾರ ಆಸ್ಪತ್ರೆಗೆ ಹೋಗಬಾರದೆಂದು ಅರ್ಧ ದಾರಿಯಲ್ಲೇ ಬಸ್ಸಿನಿಂದ ಇಳಿದವನು, ಬೆಂಚಿನ ಮೇಲೆ ವೆಂಕಟಣ್ಣ ನನ್ನ ಜಾಗ ಹಿಡಿದಿಟ್ಟುಕೊಂಡು ಕೂತಿರುತ್ತಾನೆ ಎಂದು ನೆನಪಾಗಿ ಮುಂದಿನ ಬಸ್ಸು ಹತ್ತಿದೆ. ಡಾಕ್ಟರು ಎಲ್ಲ ಕೇಳಿ, ಏನೋ ಬರೆದುಕೊಂಡು, ಮುಂದಿನ ವಾರವೂ ಬರುತ್ತೀರಲ್ಲ ಎಂದಷ್ಟೇ ಕೇಳಿದರು. ಆ ಒಂದು ಮಾತು ನನಗೆ ಆ ವಾರವಿಡೀ ಊಟವಾಯಿತು.

ಶೇಂಗಾ ಕೀಳುವ ಕೆಲಸ ಮುಗಿದ ಮೇಲೆ ಒಂದು ಬೆಳಿಗ್ಗೆ ಆಯಿ ಬಾಗಿಲಲ್ಲಿ ನಿಂತು, ಸ್ನಾನ ಮಾಡು, ಗುಡಿಗೆ ಹೋಗುವುದಿದೆ ಎಂದಳು. ಎಷ್ಟೋ ದಿನದ ಮೇಲೆ ಅವಳಾಗಿ ಆಡಿದ ಮಾತು ಅದು. ದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ಮಗನ ಕಾಯಿಲೆ ವಾಸಿಯಾಗುತ್ತದೋ ಇಲ್ಲವೋ ಎಂದು ಪ್ರಸಾದ ಕೇಳಲು ಹೊರಟಿದ್ದಾಳೆ ಎಂದು ಗುಡಿ ಮುಟ್ಟಿದ ಮೇಲೆ ಗೊತ್ತಾಯಿತು.

ಗುನಗರು ನೀರು ಹಚ್ಚಿದರು, ಎಸಳು ಅಂಟಿಸಿದರು. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಬಲ, ಬಲ, ಬಲ ಎಂದು ಒಳಗೊಬ್ಬ ಕೂಗುತ್ತಿದ್ದ. ಅವನ ದನಿ ನನಗೆ ಗುರುತಿತ್ತು. ಗುನಗರು ಕೇಳಲು ಬಾಯಿ ತೆರೆಯುವ ಮೊದಲೇ ಆಯಿಯ ಕೈ ಹಿಡಿದುಕೊಂಡೆ.

“ಆಯಿ, ನಂಗೆ ಇದ್ನ ನೋಡೂಕೆ ಆಗೂದಿಲ್ಲ.”

“ಎಂತಕ್ಕೆ?”

“ಬಲಕ್ಕೆ ಬಿದ್ರೆ ಗೆದ್ದೆ ಅನ್ನಿಸ್ತದೆ. ಎಡಕ್ಕೆ ಬಿದ್ರೆ ಇನ್ನೊಂದ್ಸಲ ಕೇಳ್ವಾ ಅನ್ನಿಸ್ತದೆ. ಎರಡೂ ಅದೇ ಕಾಯ್ಲೆ, ಆಯಿ.” ಹಿಂದಿನ ಸಲ ಬಲಕ್ಕೆ ಬಿದ್ದ ಹೂವನ್ನು ನಾನು ಎಲ್ಲಿಟ್ಟುಕೊಂಡೆ, ಅದನ್ನು ನಂಬಿ ಏನು ಮಾಡಿದೆ ಎನ್ನುವುದನ್ನೂ ಅಲ್ಲೇ ಹೇಳಿದೆ. ಕಡಲ ದಂಡೆಯಲ್ಲಿ ಅದೊಂದನ್ನು ಹೇಳಿರಲಿಲ್ಲ.

ಆಯಿ ದೇವರನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಎಷ್ಟು ಕಷ್ಟವಾಗಿರಬಹುದು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಗಂಡ ಸಾಯುವ ಕಾಲದಲ್ಲೂ ಅವಳು ಈ ಎಸಳುಗಳ ಎದುರು ನಿಂತು ಕೇಳಿದವಳು. ಒಮ್ಮೆ ಅಂಟಿಸಿದ ಪ್ರಸಾದವನ್ನು ಕೇಳದೆ ತೆಗೆಸಿದವರನ್ನು ನಾನು ಊರಿನಲ್ಲಿ ಕಂಡಿಲ್ಲ.

“ಗುನಗ್ರೇ, ಅದ್ನ ತೆಗೀರಿ,” ಅಂದಳು. “ಇವತ್ತು ಕೇಳೂದು ಬ್ಯಾಡ.”

ಗುನಗರು ಕೈ ತಡೆದು ನಿಂತರು. ಕೇಳದಿದ್ದರೆ ತಿಳಿಯುವುದು ಹೇಗೆ ಎಂದರು.

“ತಿಳೀದಿದ್ರೆ ಬ್ಯಾಡ. ನಾ ಕಾಯ್ತೆ.”

ಅವರು ಎರಡೂ ಎಸಳು ತೆಗೆದು ಅವಳ ಕೈಗೆ ಕೊಟ್ಟರು. ಅವಳು ಎಡದ್ದು ಯಾವುದು, ಬಲದ್ದು ಯಾವುದು ಎಂದು ನೋಡದೆ ಎರಡನ್ನೂ ಒಟ್ಟಿಗೆ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

ನಾನು ವಾಸಿಯಾಗಿದ್ದೇನೆ ಎಂದು ಬರೆಯುವುದಿಲ್ಲ. ಈ ಕಾಯಿಲೆಯಲ್ಲಿ ಆ ಮಾತೂ ಒಂದು ಬಾಜಿಯೇ. ಈಗಲೂ ಕಾರವಾರಕ್ಕೆ ಹೋಗುತ್ತೇನೆ, ತಿಂಗಳಿಗೊಮ್ಮೆ. ಟೋಲ್ ಗೇಟಿನ ಕೆಲಸ ಬಿಟ್ಟಿಲ್ಲ. ಸಾಲ ತೀರುತ್ತಿದೆ, ನಿಧಾನಕ್ಕೆ. ಕದ್ರಾದ ಮಾತನ್ನು ಆಯಿಯೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ದೀಪಾವಳಿ ಕಳೆದಿದೆ, ಅಲ್ಲಿ ಮತ್ತೆ ಲೀಗು ಶುರುವಾಗಿದೆ. ಐದು ಗಂಟೆಗೆ ಎಚ್ಚರವಾಗುತ್ತದೆ. ಒಲೆ ಉರಿಯುವ ವಾಸನೆ ಬರುತ್ತದೆ. ಆಯಿ ಈಗ ತುದಿಗಾಲಲ್ಲಿ ನಡೆಯುವುದಿಲ್ಲ, ಲೋಟವನ್ನು ಸದ್ದು ಮಾಡಿಯೇ ಇಡುತ್ತಾಳೆ. ಒಂದಲ್ಲ, ಎರಡು ಲೋಟ. ಎದುರಿಗೆ ಕಾಲು ಚಾಚಿ ಕೂತು ಯಾರ ಮನೆಯ ಎಮ್ಮೆ ಕರು ಹಾಕಿತು, ಯಾರ ಸೊಸೆ ಮುನಿಸಿಕೊಂಡು ಹೋದಳು ಎಂದು ಹೇಳುತ್ತಾ ಹೋಗುತ್ತಾಳೆ. ಮೊನ್ನೆ ಮಾತಿನ ನಡುವೆ ನಿಲ್ಲಿಸಿ, ಕಿಟಕಿಯ ಹೊರಗಿನ ಕತ್ತಲನ್ನೊಮ್ಮೆ ನೋಡಿ ಕೇಳಿದಳು.

“ಈಗ ಅವ್ರು ಆಡ್ತಾ ಇರ್ತಾರೆಯೇನೋ ತಮಾ?”

“ಹೌದು ಆಯಿ.”

“ಆಡ್ಲಿ,” ಅಂದಳು. “ನೀ ಚಾ ಕುಡಿ.”